ಟೈಗಳ ನಡುವೆ ಒಂದು ಸೀರೆ

2003ರ ಫೆಬ್ರುವರಿಯಲ್ಲಿ, ಒಂದು ಶನಿವಾರ, ಸೆಂಚುರಿಯನ್ನಿನ ವಿಶ್ವಕಪ್ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು ಭಾರತ 125ಕ್ಕೆ ಆಲೌಟ್ ಆಯಿತು. ದೇಶದ ಕ್ರಿಕೆಟ್ ಪಂಡಿತರು ಅದನ್ನಾದರೂ ಸಹಿಸಿಕೊಂಡರು. ಅವರಿಗೆ ಸಹಿಸಲಾಗದೇ ಹೋದದ್ದು ಸೆಟ್ ಮ್ಯಾಕ್ಸ್ ವಾಹಿನಿಯ ‘ಎಕ್ಸ್‌ಟ್ರಾ ಇನ್ನಿಂಗ್ಸ್’.

ಅಲ್ಲಿಯವರೆಗೆ ಟೀವಿಯಲ್ಲಿ ಕ್ರಿಕೆಟ್ ಮಾತಾಡಬೇಕಾದರೆ ಕೋಟು ತೊಟ್ಟು ಟೈ ಕಟ್ಟಿರಬೇಕಿತ್ತು, ಪಿಚ್ಚಿನ ಬಿರುಕಿಗೆ ಬೀಗದ ಕೈ ಚುಚ್ಚಿ ತಲೆದೂಗುವ ಗಾಂಭೀರ್ಯ ಇರಬೇಕಿತ್ತು. ಅಂಥವರ ಸಾಲಿಗೆ ದೂರದರ್ಶನದ ‘ಶಾಂತಿ’ ಧಾರಾವಾಹಿಯ ಮಂದಿರಾ ಬೇಡಿ ಸೀರೆಯುಟ್ಟು, ದಾರದಂಥ ಪಟ್ಟಿಯ ರವಿಕೆ ತೊಟ್ಟು ಬಂದು ಕೂತರು. ಜೊತೆಗೆ ಚಾರು ಶರ್ಮಾ. ಬ್ಯಾಟು ಬೀಸುತ್ತಿದ್ದ ವೇಗದಲ್ಲೇ ಮಾತಾಡುವ ಕೃಷ್ಣಮಾಚಾರಿ ಶ್ರೀಕಾಂತ್. ಇವರು ಸಾಲದೆಂಬಂತೆ ಟ್ಯಾರೋ ಕಾರ್ಡ್ ಹರಡಿ ಭವಿಷ್ಯ ಹೇಳುವವರೂ ಇದ್ದರು. ಪಂಚಾಂಗ ನೋಡದೆ ಬೋರ್‌ವೆಲ್ಲೂ ಕೊರೆಸದ ದೇಶದಲ್ಲಿ ಈ ಕೊನೆಯದಕ್ಕೆ ಯಾಕೆ ಅಷ್ಟು ಸಿಟ್ಟಾದರೋ ತಿಳಿಯದು.

ಮಂದಿರಾ ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ವಾಹಿನಿಯವರು ಅವರಿಗೆ ಕೊಟ್ಟ ಸೂಚನೆ ಬಹಳ ಸರಳ: ಮನಸ್ಸಿಗೆ ಏನು ತೋಚುತ್ತದೋ ಕೇಳಿಬಿಡಿ, ನೋಡುವವರ ಮನಸ್ಸಿನಲ್ಲೂ ಅದೇ ಇರುತ್ತದೆ. ಪಕ್ಕದಲ್ಲಿ ಕೂತ ಮಾಜಿ ಆಟಗಾರರಲ್ಲಿ ಕೆಲವರು ಮೊದಮೊದಲು ಅವರ ಪ್ರಶ್ನೆ ಕಿವಿಗೇ ಬೀಳದವರಂತೆ ತಮ್ಮ ಪಾಡಿಗೆ ತಾವು ಮಾತಾಡುತ್ತಿದ್ದರಂತೆ.

ಇದೇನು ಹೊಸ ವಿದ್ಯಮಾನವಲ್ಲ. ನಮ್ಮ ಮನೆಗಳ ಹಜಾರದಲ್ಲಿ ಮೊದಲಿಂದಲೂ ನಡೆದುಬಂದದ್ದೇ.

ಮಾರ್ಚ್ 1ರ ಶನಿವಾರವನ್ನೇ ತೆಗೆದುಕೊಳ್ಳಿ. ಅಂದು ಮಹಾಶಿವರಾತ್ರಿ. ಮಧ್ಯಾಹ್ನ ಒಂದೂವರೆಗೆ ಅದೇ ಸೆಂಚುರಿಯನ್ನಿನಲ್ಲಿ ಭಾರತ–ಪಾಕಿಸ್ತಾನ. ಬೆಂಗಳೂರಿನ ಯಾವುದೇ ಮನೆಗೆ ಹೋದರೂ ದೇವರ ಮುಂದೆ ತಂಬಿಟ್ಟು, ಟೀವಿ ಮುಂದೆ ಇಡೀ ಸಂಸಾರ. ಉಪವಾಸದ ಅಜ್ಜಿ ಜಪಮಣಿ ಎಣಿಸುತ್ತಲೇ ಕೇಳುತ್ತಾರೆ:

“ಅಲ್ವೋ, ನಮ್ ದ್ರಾವಿಡ್ ಬ್ಯಾಟ್ ಮಾಡೋನಲ್ವೇನೋ? ಆ ಗ್ಲೌಸ್ ಹಾಕ್ಕೊಂಡು ಅಲ್ಯಾಕೆ ಕುಕ್ಕರುಗಾಲಲ್ಲಿ ಕೂತಿದಾನೆ?”

“ಸುಮ್ನಿರಜ್ಜಿ, ಓವರ್ ಮುಗೀಲಿ.”

ಓವರ್ ಮುಗಿಯುತ್ತದೆ, ಜಾಹೀರಾತು ಬರುತ್ತದೆ, ಉತ್ತರ ಮಾತ್ರ ಬರುವುದಿಲ್ಲ. ಆದರೆ ಆ ವಿಶ್ವಕಪ್ಪಿನಲ್ಲಿ ಭಾರತ ತಂಡದ ಮುಂದಿದ್ದ ದೊಡ್ಡ ಪ್ರಶ್ನೆಯೇ ಅದು! ಏಳನೆಯ ಬ್ಯಾಟ್ಸ್‌ಮನ್‌ಗೆ ಜಾಗ ಬೇಕೆಂದು ಸೌರವ್ ಗಂಗೂಲಿ ದ್ರಾವಿಡ್ ಕೈಗೆ ಕೀಪಿಂಗ್ ಗ್ಲೌಸ್ ತೊಡಿಸಿದ್ದರು. ಅಸಲಿ ಕೀಪರ್ ಪಾರ್ಥಿವ್ ಪಟೇಲ್ ಟೂರ್ನಿಯುದ್ದಕ್ಕೂ ಬೆಂಚು ಕಾದರು. ಟೈ ಕಟ್ಟಿದವರು ತಿಂಗಳುಗಟ್ಟಲೆ ಚರ್ಚಿಸಿದ್ದನ್ನು ಅಜ್ಜಿ ಎರಡೇ ಸಾಲಿನಲ್ಲಿ ಕೇಳಿ ಮುಗಿಸಿದ್ದರು. ಸ್ಟುಡಿಯೋದಲ್ಲಿ ಮಂದಿರಾ ಅವರಿಗೆ ಸಂಬಳ ಸಿಕ್ಕಿದ್ದೂ ಇಂಥ ಕೆಲಸಕ್ಕೇ.

ಅಂದು ಸಯೀದ್ ಅನ್ವರ್ 101 ಹೊಡೆದು ಪಾಕಿಸ್ತಾನವನ್ನು 273ಕ್ಕೆ ಮುಟ್ಟಿಸಿದರು. ಸಚಿನ್ 75 ಚೆಂಡಿಗೆ 98. ಶೋಯಬ್ ಅಖ್ತರ್ ಚೆಂಡು ಥರ್ಡ್‌ಮ್ಯಾನ್ ಮೇಲೆ ಸಿಕ್ಸರ್ ಹೋದಾಗ ಜಪಮಣಿಯ ಲೆಕ್ಕ ಖಂಡಿತ ತಪ್ಪಿರಬೇಕು. ಕೊನೆಗೆ ಯುವರಾಜ್ ಜೊತೆ ನಿಂತು ಗೆಲ್ಲಿಸಿದ್ದು ಅದೇ ದ್ರಾವಿಡ್, 44 ನಾಟೌಟ್. ಇನ್ನೂ 26 ಚೆಂಡು ಬಾಕಿ, ಜಾಗರಣೆಯ ಬಹುಪಾಲು ರಾತ್ರಿಯೂ ಬಾಕಿ. ಅದನ್ನು ಪಟಾಕಿಯವರು ನೋಡಿಕೊಂಡರು.

ಮಾರ್ಚ್ 23ರ ಭಾನುವಾರದ ಫೈನಲ್ ಬಗ್ಗೆ ಹೆಚ್ಚು ಹೇಳದಿರುವುದೇ ಒಳ್ಳೆಯದು. ಆಸ್ಟ್ರೇಲಿಯಾ ಎರಡೇ ವಿಕೆಟ್ಟಿಗೆ 359. ನಮ್ಮ ಮೈಸೂರಿನ ಶ್ರೀನಾಥ್ ಹತ್ತು ಓವರಿಗೆ 87 ಕೊಟ್ಟರು. ಅಷ್ಟು ಹೊತ್ತೂ ಬಾಯಿಬಿಟ್ಟು ನೋಡಿದವರು ಮಾರನೆಯ ದಿನ ತಾವೇ ವಿಶ್ಲೇಷಕರಾದರು: ಪಾಂಟಿಂಗ್ ಬ್ಯಾಟಿನೊಳಗೆ ಸ್ಪ್ರಿಂಗ್ ಇತ್ತಂತೆ, ಮ್ಯಾಚು ಮತ್ತೆ ಆಡಿಸುತ್ತಾರಂತೆ! ಸ್ಕೂಲು ಹುಡುಗರಿಂದ ಹಿಡಿದು ಸಲೂನಿನವರೆಗೆ ಹಬ್ಬಿದ ಈ ಸುದ್ದಿಯ ಮುಂದೆ ಟ್ಯಾರೋ ಕಾರ್ಡು ಎಷ್ಟೋ ವೈಜ್ಞಾನಿಕವಾಗಿತ್ತು.

2007ರ ವಿಶ್ವಕಪ್ ವೇಳೆಗೆ ಮಂದಿರಾ ಉಟ್ಟ ಬಾವುಟಗಳ ಸೀರೆ ರಂಪವಾಯಿತು. ತ್ರಿವರ್ಣ ಇರಬಾರದ ಜಾಗದಲ್ಲಿತ್ತೆಂದು ಅವರು ಕ್ಷಮೆ ಕೇಳಬೇಕಾಯಿತು. ಆ ಸಲ ಬಾಂಗ್ಲಾದೇಶಕ್ಕೂ ಶ್ರೀಲಂಕಾಕ್ಕೂ ಸೋತು ತಂಡ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತ್ತು. ಬಾವುಟದ ಮಾನ ಹೋಯಿತೆಂದು ಸೀರೆಯೊಂದನ್ನೇ ದೂರಿದ್ದು ಅನ್ಯಾಯ.

ಇನ್ನು ಚಾರು ಶರ್ಮಾ. 2008ರಲ್ಲಿ ಐಪಿಎಲ್ ಹುಟ್ಟಿದಾಗ ಅವರು ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ಸಿಇಒ ಆದರು. ತಂಡ ಒಂದಾದ ಮೇಲೊಂದು ಸೋಲತೊಡಗಿತು. ಸೀಸನ್ ಮುಗಿಯುವ ಮೊದಲೇ ಅವರು ಹೊರಬಿದ್ದರು. 2022ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಐಪಿಎಲ್ ಹರಾಜು ನಡೆಯುತ್ತಿದ್ದಾಗ ಹರಾಜುಗಾರ ಹ್ಯೂ ಎಡ್ಮೀಡ್ಸ್ ವೇದಿಕೆಯಲ್ಲೇ ಕುಸಿದುಬಿದ್ದರು, ಪುಣ್ಯಕ್ಕೆ ಚೇತರಿಸಿಕೊಂಡರು. ಸಂಘಟಕರಿಗೆ ಆ ಗಳಿಗೆಯಲ್ಲಿ ನೆನಪಾದದ್ದು ಊರಲ್ಲೇ ಇದ್ದ ಚಾರು. ಊಟದ ವಿರಾಮ ಮುಗಿಯುವಷ್ಟರಲ್ಲಿ ಅವರು ಸುತ್ತಿಗೆ ಹಿಡಿದು ನಿಂತಿದ್ದರು. ಅರ್ಧಕ್ಕೆ ನಿಂತಿದ್ದ ವನಿಂದು ಹಸರಂಗ ಅವರ ಬಿಡ್ಡನ್ನು ಮುಗಿಸಿ, 10.75 ಕೋಟಿಗೆ ರಾಯಲ್ ಚಾಲೆಂಜರ್ಸ್‌ಗೇ ಕೊಟ್ಟು, ಮುಖದಲ್ಲಿ ಏನೂ ತೋರಿಸಿಕೊಳ್ಳದೆ ಮುಂದಿನ ಹೆಸರು ಕರೆದರು.