ಸ್ವಸಾದೃಶ್ಯ-ರಸಾನುಸಂಧಾನ: ಇತವಾರಿಯ ನೆಲೆಯಿಂದ ಒಂದು ಪೂರ್ವಪೀಠಿಕೆ

ವೈಜ್ಞಾನಿಕ ಕಥಾಪ್ರೇರಿತ ಗಣಕೀಯ ಫ್ರ್ಯಾಕ್ಟಲ್ ಚಿತ್ರವನ್ನು ಮೆಚ್ಚುವುದೆಂದರೆ ಬಹುಆಯಾಮಿ ಸ್ವಸಾದೃಶ್ಯಾನುಸಂಧಾನವೆಂಬುದು ಸರ್ವವಿದಿತ. ರಸಿಕನು ಚಿತ್ರವನ್ನು ನೋಡುವುದಿಲ್ಲ, ಅದಕ್ಕೆ ಮುಖಾಮುಖಿಯಾಗುತ್ತಾನೆ. ಆತ ಬಾಯಿ ತೆರೆದರೆ ಪಲ್ಲಟ, ಮುಚ್ಚಿದರೆ ಸ್ಥಿತ್ಯಂತರ. ಈ ಮೆಚ್ಚುಗೆ ಐದು ವಿಧ. ವಿಸ್ಮಯಾತ್ಮಕ: 'ಅಬ್ಬಾ' ಎನ್ನುವುದು. ಬ್ರಹ್ಮಾಂಡಾತ್ಮಕ: 'ಅಬ್ಬಾ, ಅನಂತ!' ಎನ್ನುವುದು. ಪುರಾತನಾತ್ಮಕ: 'ಅಬ್ಬಾ, ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತಿತ್ತು' ಎನ್ನುವುದು. ಉಳಿದೆರಡೂ ಮೂರನೆಯದನ್ನೇ ಇನ್ನಷ್ಟು ಗಟ್ಟಿ ದನಿಯಲ್ಲಿ ಹೇಳುವುದರಿಂದ ವಿಂಗಡಣೆಯನ್ನು ಇಲ್ಲಿಗೇ ಕೈಬಿಡಲಾಗಿದೆ.

ಎಲ್ಲ ವಿಧಗಳಿಗೂ ಸಮಾನವಾದ ಲಕ್ಷಣವೊಂದಿದೆ: ಮಾಡಿದವರ ಹೆಸರು ಬಾರದಿರುವುದು. 1982ರ 'ಸ್ಟಾರ್ ಟ್ರೆಕ್' ಚಿತ್ರದಲ್ಲಿ ಸತ್ತ ಗ್ರಹವೊಂದರ ಮೇಲೆ ಬೆಟ್ಟಗಳು ಎದ್ದದ್ದು ಬ್ರಹ್ಮಾಂಡದ ಕೃಪೆಯಿಂದಲ್ಲ. ಅವನ್ನು ಎಬ್ಬಿಸಿದ ಲೊರೆನ್ ಕಾರ್ಪೆಂಟರ್ ಗಣಿತಜ್ಞ ಮ್ಯಾಂಡೆಲ್‌ಬ್ರಾಟ್‌ರ ಫ್ರ್ಯಾಕ್ಟಲ್ ಗಣಿತವನ್ನು 1980ರಲ್ಲೇ ಕಿರುಚಿತ್ರವೊಂದರಲ್ಲಿ ಪಳಗಿಸಿದ್ದರು. 1999ರಲ್ಲಿ ಸ್ಕಾಟ್ ಡ್ರೇವ್ಸ್ 'ಎಲೆಕ್ಟ್ರಿಕ್ ಶೀಪ್' ಎಂಬ ಫ್ರ್ಯಾಕ್ಟಲ್ ಸ್ಕ್ರೀನ್‌ಸೇವರ್ ರಚಿಸಿ, ಅದಕ್ಕೆ ಫಿಲಿಪ್ ಕೆ. ಡಿಕ್ಕರ ಕಾದಂಬರಿಯಿಂದ ಹೆಸರು ಪಡೆದರು. 2009ರಲ್ಲಿ ಡೇನಿಯಲ್ ವೈಟ್ ಮತ್ತು ಪಾಲ್ ನೈಲ್ಯಾಂಡರ್ ಕಂಡುಕೊಟ್ಟ ಮ್ಯಾಂಡೆಲ್‌ಬಲ್ಬ್ ಎಂಬ ಮೂರಾಯಾಮದ ಫ್ರ್ಯಾಕ್ಟಲ್ 2018ರ 'ಅನೈಹಿಲೇಷನ್' ಚಿತ್ರದ ಪರಕೀಯ ಜೀವಿಯ ಮೈಯಾಯಿತು. ಇಷ್ಟು ಜನರ ದುಡಿಮೆಯನ್ನು 'ಅನಂತದ ದ್ವಾರ' ಎಂಬ ಎರಡೇ ಪದಗಳಲ್ಲಿ ಗುಡಿಸಿಹಾಕುವುದು ಅನುಸಂಧಾನದ ದೊಡ್ಡ ಸಾಧನೆ.

'ಆದರೆ ಅನಂತ ಸುಳ್ಳೇ?' ಎಂಬುದು ಪೂರ್ವಪಕ್ಷ. ಸೂತ್ರದಲ್ಲಿ ಸುಳ್ಳಲ್ಲ, ಪರದೆಯ ಮೇಲೆ ಮಾತ್ರ ಅದಕ್ಕೆ ಗಡಿಯುಂಟು. ಕಂಪ್ಯೂಟರಿನ ಸಾಮಾನ್ಯ ಲೆಕ್ಕ ಹದಿನೈದು-ಹದಿನಾರು ಅಂಕಿಗಳಾಚೆ ನಿಖರತೆ ಕಳೆದುಕೊಳ್ಳುತ್ತದೆ. ಅದಕ್ಕಿಂತ ಆಳಕ್ಕಿಳಿದರೆ ಬ್ರಹ್ಮಾಂಡವು ಚೌಕ ಚೌಕವಾಗಿ ಒಡೆಯುತ್ತದೆ. ಬಣ್ಣವೂ ಸೂತ್ರದ್ದಲ್ಲ: ಫ್ರ್ಯಾಕ್ಟಲ್‌ಗಳಲ್ಲೇ ಪ್ರಸಿದ್ಧವಾದ ಮ್ಯಾಂಡೆಲ್‌ಬ್ರಾಟ್ ಗಣದಲ್ಲಿ ಬಣ್ಣವೇ ಇಲ್ಲ. ಬಿಂದುವೊಂದು ಗಣದ ಒಳಗಿರುತ್ತದೆ, ಇಲ್ಲವೇ ಹೊರಗೆ. ಹೊರಗಿನ ಬಿಂದು ಸೂತ್ರದ ಎಷ್ಟು ಸುತ್ತಿನಲ್ಲಿ ತಪ್ಪಿಸಿಕೊಂಡಿತೆಂದು ಎಣಿಸಿ ಅದಕ್ಕೆ ನೀಲಿಯೋ ಕೇಸರಿಯೋ ಹಚ್ಚುವವರು ಮನುಷ್ಯರು. ಎಣಿಕೆಯನ್ನು ಯಾವ ಸುತ್ತಿಗೆ ನಿಲ್ಲಿಸಬೇಕೆಂದು ನಿರ್ಧರಿಸುವವರೂ ಅವರೇ. ರಸಿಕ ಮೈಮರೆಯುವುದು ಈ ಆಯ್ಕೆಗಳಿಗೆ; ಕೈಮುಗಿಯುವುದು ಸೂತ್ರಕ್ಕೆ.

ಇದಕ್ಕಿಂತ ಪ್ರೌಢವಾದ ವಿಮರ್ಶಾಪದ್ಧತಿ ನಾಗಪುರದ ಇತವಾರಿಯ ಸೀರೆಪೇಟೆಯಲ್ಲಿದೆ. ಟಸರ್ ರೇಷ್ಮೆಯ ಕರವತಿ ಸೀರೆಯ ಅಂಚಿನುದ್ದಕ್ಕೂ ಗರಗಸದ ಹಲ್ಲು. ಮೀಮಾಂಸಕ ಕಂಡರೆ ಇದನ್ನು 'ಆದಿಮ ಫ್ರ್ಯಾಕ್ಟಲ್ ಪ್ರಜ್ಞೆ' ಎಂದಾನು. ಹಲ್ಲಿನೊಳಗೆ ಸಣ್ಣ ಹಲ್ಲಿಲ್ಲ, ಆದ್ದರಿಂದ ಅದು ಫ್ರ್ಯಾಕ್ಟಲ್ ಅಲ್ಲ. ಸೀರೆ ಬಲ್ಲ ಗಿರಾಕಿಗೆ ಆ ಚಿಂತೆಯೂ ಇಲ್ಲ. ಆಕೆ ಸೀರೆಯನ್ನು ಮಗುಚಿ ಒಳಮೈ ನೋಡುತ್ತಾಳೆ. ನೂಲು ಯಾವುದು, ಕೈಮಗ್ಗದ್ದೋ ಯಂತ್ರದ್ದೋ, ರೇಟೆಷ್ಟು ಎಂದು ಕೇಳುತ್ತಾಳೆ. ಅನಂತದ ರಸಿಕರಲ್ಲಿ ಯಾರೂ ಚಿತ್ರವನ್ನು ಹೀಗೆ ಮಗುಚಿ ನೋಡುವುದಿಲ್ಲ.

ಪೇಟೆಯೇನೂ ನಿರ್ದೋಷಿಯಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಪೆಟ್ಟಿಗೆಯ ಮೇಲೆ ಅಂಗಡಿಯ ಹೆಸರಿರುತ್ತದೆ, ನೇಯ್ದವರದ್ದಿರುವುದಿಲ್ಲ. 1877ರಲ್ಲಿ ಎಂಪ್ರೆಸ್ ಮಿಲ್ ಶುರುವಾದ ಊರು ಇದು. ಗಿರಣಿಯ ಬಟ್ಟೆಯೆದುರು ಕೈಮಗ್ಗ ಹಿಡಿದು ಕೂತ ಕೋಷ್ಟಿ ನೇಕಾರರ ಮನೆಗಳ ಕಥೆಗೆ ಯಾವ ಸಂಕಥನದಲ್ಲೂ ಜಾಗ ಸಿಗಲಿಲ್ಲ. ಚಿತ್ರದ ಮೂಲೆಯಲ್ಲಿ ಕಲಾವಿದ ಬರೆದ ಹೆಸರನ್ನು ಕತ್ತರಿಸಿ, ಮೇಲೊಂದು ವೇದಾಂತ ಅಂಟಿಸಿ ಹಂಚುವುದು ಅದೇ ಹಳೆಯ ಕಳ್ಳತನ. ಅದನ್ನು ರಸಾಸ್ವಾದ ಎಂದು ಕರೆಯಲು ನಾಚಿಕೆಯಾಗಬೇಕು. ಬೆರಗುಪಡುವುದು ತಪ್ಪಲ್ಲ, ಬೆರಗಿನ ನೆಪದಲ್ಲಿ ಕೂಲಿಯ ಜೊತೆಗೆ ಹೆಸರನ್ನೂ ನುಂಗುವುದು ತಪ್ಪು.

ಪರಿಹಾರವೂ ಇತವಾರಿಯಲ್ಲೇ ಇದೆ. ಎತ್ತುಗಳ ಹಬ್ಬವಾದ ಪೋಳಾದ ಮರುದಿನ ಇಲ್ಲಿ ಮಾರಬತ್ ಮೆರವಣಿಗೆ. ಆ ವರ್ಷದ ಪಿಡುಗುಗಳಿಗೆಲ್ಲ ಬಡಗ್ಯಾ ಎಂಬ ಗೊಂಬೆ ಮಾಡಿ, ಊರೆಲ್ಲ ಬೈಯುತ್ತ ಹೊತ್ತೊಯ್ದು ಸುಡುತ್ತಾರೆ. ಮುಂದಿನ ಸಲ 'ಅನಂತದ ದ್ವಾರ'ಕ್ಕೂ ಒಂದು ಬಡಗ್ಯಾ ಆಗಲಿ. ಆದರೆ ಗೊಂಬೆ ಕಟ್ಟಿದವರ ಹೆಸರನ್ನು ಅದರ ಎದೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರಬೇಕು.