ಪೀಣ್ಯದಲ್ಲಿ ಓಡಿತು, ವೈಟ್‌ಫೀಲ್ಡಿನಲ್ಲಿ ಕೂತಿತು

ವೈಟ್‌ಫೀಲ್ಡಿನಲ್ಲಿ ಲಿನಕ್ಸ್ ಬಗ್ಗೆ ಅಭಿಪ್ರಾಯವಿಲ್ಲದವರು ಸಿಗುವುದು ಕಷ್ಟ. ಅದನ್ನು ಮನೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡವರು ಸಿಗುವುದು ಇನ್ನೂ ಕಷ್ಟ. ನಾನು ಹಾಕಿಕೊಂಡವನು. ಅದೂ ಹೊಚ್ಚ ಹೊಸ ಲ್ಯಾಪ್‌ಟಾಪಿಗೆ, ಅದೂ ಲಿನಕ್ಸಿನ ಡೆಬಿಯನ್ ಎಂಬ ತಳಿ.

ಎಲ್ಲ ಸಲೀಸಾಗಿ ಸಾಗಿ ಕೊನೆಗೆ ಬಂದದ್ದು ಒಂದು ವಿನಯಪೂರ್ವಕ ಸೂಚನೆ: ವೈಫೈ ಚಿಪ್ಪನ್ನು ನಡೆಸುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್ ಇಲ್ಲಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಅದಕ್ಕೆ ವೈಫೈ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು. ಕೇಬಲ್ ಚುಚ್ಚೋಣವೆಂದರೆ ಈ ತೆಳ್ಳಗಿನ ಸುಂದರಿಗೆ ಆ ತೂತೇ ಇಲ್ಲ.

ಇದು 2023ಕ್ಕೆ ಮುಂಚಿನ ಮಾತು. ಕಂಪನಿಗಳು ಒಳಗೇನಿದೆಯೆಂದು ತೋರಿಸದೆ ಕೊಡುವ ಫರ್ಮ್‌ವೇರನ್ನು ಡೆಬಿಯನ್‌ನವರು ತಮ್ಮ ಅಧಿಕೃತ ಡಿಸ್ಕಿಗೆ ಸೇರಿಸುತ್ತಿರಲಿಲ್ಲ; ಮಡಿ. 2022ರಲ್ಲಿ ಸದಸ್ಯರು ಮತ ಹಾಕಿ, ಮರುವರ್ಷ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಮಡಿ ಸಡಿಲಿಸಿದರು. ಅಷ್ಟರೊಳಗೆ ನನ್ನ ತಲೆಯಲ್ಲಿ ಒಂದಷ್ಟು ಕೂದಲು ಸಡಿಲಾಗಿತ್ತು.

ಪೀಣ್ಯದ ಕಥೆಯೇ ಬೇರೆ. ಅಲ್ಲಿ ಭಾವನ ಲೇತ್ ವರ್ಕ್‌ಶಾಪಿನ ಆಫೀಸಿನಲ್ಲಿ, ಗ್ರೀಸು, ಕಬ್ಬಿಣದ ಚೂರು, ಮಾರಮ್ಮನ ಕ್ಯಾಲೆಂಡರಿನ ನಡುವೆ ಒಂದು ಮುದಿ ಕಂಪ್ಯೂಟರು, ಅದಕ್ಕೆ ಜೋಡಿಯಾಗಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು. ಮೂರು ಹಾಳೆಯ ಡೆಲಿವರಿ ಚಲನ್ ಕಾರ್ಬನ್ ಸಮೇತ ಹೊಡೆಯಬೇಕಾದರೆ ಇವತ್ತಿಗೂ ಅದೇ ಆಗಬೇಕು. ಹೊಸ ವಿಂಡೋಸಿನ ಭಾರ ಆ ಕಂಪ್ಯೂಟರು ತಡೆಯದು ಎಂದು ಲಿನಕ್ಸ್ ಹಾಕಿದೆ. ಪ್ರಿಂಟರಿನ ದಪ್ಪ ಕೇಬಲ್ಲನ್ನು ಸಿಕ್ಕಿಸಿ, ಮಾದರಿ ಆರಿಸಿ ಗುಂಡಿ ಒತ್ತಿದ್ದೇ ತಡ, ಅದು ಕರ್‌ಕರ್ ಎಂದು ಚಲನ್ ಹೊಡೆದೇಬಿಟ್ಟಿತು.

"ಇಷ್ಟಕ್ಕೆ ನೀನು ವೈಟ್‌ಫೀಲ್ಡಿಂದ ಬರಬೇಕಿತ್ತೇನಯ್ಯಾ?" ಎಂದರು ಭಾವ. ಹೆಬ್ಬಾಳ ಜಂಕ್ಷನ್ ದಾಟಿ ಬಂದವನಿಗೆ ಹೇಳುವ ಮಾತೇ ಅದು?

ಕಾರಣ ಸರಳ. ಹಳೆಯ ಪ್ರಿಂಟರಿನ ಭಾಷೆ ದಶಕಗಳಿಂದ ಊರಿಗೆಲ್ಲ ಗೊತ್ತು. ಯಾರೋ ಪುಣ್ಯಾತ್ಮರು ಎಂದೋ ಡ್ರೈವರ್ ಬರೆದಿಟ್ಟಿದ್ದಾರೆ, ಒಮ್ಮೆ ಒಳಗೆ ಸೇರಿದ್ದನ್ನು ಲಿನಕ್ಸ್‌ನವರು ಸುಲಭಕ್ಕೆ ಹೊರಹಾಕುವುದಿಲ್ಲ. ಹೊಸ ಚಿಪ್ಪಿನ ಗುಟ್ಟು ಕಂಪನಿಗೆ ಮಾತ್ರ ಗೊತ್ತು. 2012ರಲ್ಲಿ ಫಿನ್‌ಲೆಂಡಿನ ಸಭೆಯೊಂದರಲ್ಲಿ ಲಿನಕ್ಸಿನ ಜನಕ ಲಿನಸ್ ಟೊರ್ವಾಲ್ಡ್ಸ್ ಇಂಥ ಸಿಟ್ಟಿನಲ್ಲೇ ಎನ್‌ವಿಡಿಯಾ ಕಂಪನಿಗೆ ಕ್ಯಾಮೆರಾ ಮುಂದೆ ಮಧ್ಯದ ಬೆರಳೆತ್ತಿದರು. ನೋಡಿದರೆ ಲಿನಕ್ಸಿನ ಹಿಂದಿರುವ ಮುಕ್ತ ತಂತ್ರಾಂಶದ ಚಳವಳಿ ಶುರುವಾದದ್ದೇ ಸಿಟ್ಟಿನಿಂದ. 1980ರ ಸುಮಾರಿಗೆ ಎಂಐಟಿಯಲ್ಲಿ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರೊಂದು ಪದೇಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಯುವಂತೆ ಮಾಡೋಣವೆಂದು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅದರ ಮೂಲ ಪ್ರೋಗ್ರಾಂ ಕೇಳಿದರೆ, ಅದು ಕೈಯಲ್ಲಿದ್ದ ಪ್ರಾಧ್ಯಾಪಕರು ಕೊಡಲಿಲ್ಲ: ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದರು. ಸ್ಟಾಲ್‌ಮನ್ 1983ರಲ್ಲಿ ಎಲ್ಲರೂ ತೆರೆದು ನೋಡಬಹುದಾದ ತಂತ್ರಾಂಶದ ಗ್ನು ಯೋಜನೆ ಘೋಷಿಸಿದರು. ನಾನು ಮೇಲಿನ ಮನೆಗೆ ಹೋದೆ.

ಮೇಲಿನ ಮನೆಯ ಹುಡುಗ ಔಟರ್ ರಿಂಗ್ ರೋಡಿನ ಚಿಪ್ ಕಂಪನಿಯೊಂದರಲ್ಲಿದ್ದಾನೆ. ಲ್ಯಾಪ್‌ಟಾಪಿನ ಪರದೆ ನೋಡಿ ಅವನ ಮುಖ ಅರಳಿತು. "ಅಂಕಲ್, ಇದು ನಮ್ಮ ಟೀಮಿನದೇ!"

"ಹಾಗಾದರೆ ಒಳಗೇನಿದೆ ಹೇಳಪ್ಪಾ."

"ಹೇಳೋ ಹಾಗಿಲ್ಲ ಅಂಕಲ್, ಸೈನ್ ಮಾಡಿದೀನಿ." ಆದರೂ ಒಳ್ಳೆಯವನು. ತನ್ನ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಅದರ ಇಂಟರ್‌ನೆಟ್ಟಿನಿಂದಲೇ ಫರ್ಮ್‌ವೇರ್ ಇಳಿಸಿಕೊಟ್ಟ. ಕಾಫಿ ಮುಗಿಯುವಷ್ಟರಲ್ಲಿ ವೈಫೈ ಬಂತು.

ನಿನ್ನ ಸ್ವಂತ ಲ್ಯಾಪ್‌ಟಾಪಿನಲ್ಲಿ ಯಾವ ಲಿನಕ್ಸು ಎಂದು ಕೇಳಿದೆ.

"ವಿಂಡೋಸ್ ಅಂಕಲ್. ಮನೇಲೂ ಇದನ್ನೆಲ್ಲ ಒದ್ದಾಡೋಕೆ ಯಾರಿಗಿದೆ ಪುರುಸೊತ್ತು?"