ಹುಲಿಯ ಹಾಜರಿ

ನವಿ ಮುಂಬಯಿಯ ರಬಾಳೆ ಎಂಐಡಿಸಿ ಕಾರ್ಖಾನೆಗಳ ಗೇಟುಗಳಲ್ಲಿ ಬೆರಳೊತ್ತುವ ಯಂತ್ರ ಬಲು ಪ್ರಾಮಾಣಿಕ. ಹೆಲ್ಪರ್ ಬಂದದ್ದನ್ನು ತಕ್ಷಣ ಒಪ್ಪಿಕೊಳ್ಳುತ್ತದೆ. ಪಗಾರ ಕೊಡುವುದು ಅದರ ಕೆಲಸವಲ್ಲ. ಅದಕ್ಕೆ ಠೇಕೇದಾರ ಇದ್ದಾನೆ, ಅವನು ಫೋನ್ ಎತ್ತುವುದಿಲ್ಲ. ನಮ್ಮ ಹುಲಿ ಸಂರಕ್ಷಣೆ ಅರ್ಥವಾಗಲು ಇಷ್ಟು ಪೀಠಿಕೆ ಸಾಕು.

ಹಾಜರಿ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಹೆಜ್ಜೆ ಗುರುತು ಎಣಿಸುತ್ತಿದ್ದ ಕಾಲದಲ್ಲಿ ರಾಜಸ್ಥಾನದ ಸರಿಸ್ಕಾದ ಹುಲಿಗಳು ಕಡತದಲ್ಲಿ ಸುಖವಾಗಿದ್ದವು. 2005ರಲ್ಲಿ ಹೋಗಿ ನೋಡಿದರೆ ಕಾಡಿನಲ್ಲಿ ಒಂದೂ ಇಲ್ಲ. ಆಮೇಲೆ ಜಾಣರಾದೆವು. 2018ರ ಗಣತಿಗೆ 26,838 ಕಡೆ ಕ್ಯಾಮೆರಾ ಕಟ್ಟಿದೆವು. ಸುಮಾರು ಮೂರೂವರೆ ಕೋಟಿ ಚಿತ್ರ ಬಂದವು. ಅದರಲ್ಲಿ ಹುಲಿಯದು 76,651. ಗಿನ್ನೆಸ್ ದಾಖಲೆಯೂ ಆಯಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಹಾಗಾಗಿ ಅದಕ್ಕೆ ಆಧಾರ್ ಕೂಡ ಬೇಡ. ಎಣಿಕೆ ಮುಗಿದಾಗ ಮಧ್ಯಪ್ರದೇಶಕ್ಕೆ 526, ಕರ್ನಾಟಕಕ್ಕೆ 524! ಎರಡೇ ಎರಡು ಹುಲಿಯಿಂದ ಪಟ್ಟ ತಪ್ಪಿತೆಂದು ನಮ್ಮವರು ಪಟ್ಟ ಸಂಕಟ ಎಸ್ಸೆಸ್ಸೆಲ್ಸಿ ಹುಡುಗನ ತಾಯಿಗೂ ಇರದು. 2022ರಲ್ಲಿ 785ಕ್ಕೆ ಎದುರು 563. ಮತ್ತೆ ಎರಡನೇ ರ‍್ಯಾಂಕು.

2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳ ಸಮೇತ ಸತ್ತು ಬಿದ್ದಿತ್ತು. ಹುಲಿ ಕೊಂದಿದ್ದ ಹಸುವಿನ ಮೈಗೆ ಯಾರೋ ವಿಷ ಹಾಕಿದ್ದರು. ಒಂದೇ ಏಟಿಗೆ ಐದು. ಆಮೇಲೆ ಹೊರಬಿದ್ದ ಸುದ್ದಿ: ಆ ಕಾಡು ಸುತ್ತಬೇಕಾದ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಬ್ಯಾಟರಿ ಹಾಕದಿದ್ದರೆ ಕ್ಯಾಮೆರಾ ಕೆಲಸ ಮಾಡುವುದಿಲ್ಲವೆಂದು ಇಲಾಖೆಗೆ ಗೊತ್ತಿದೆ. ವಾಚರ್ ವಿಷಯದಲ್ಲಿ ಇನ್ನೂ ಪ್ರಯೋಗ ನಡೆಯುತ್ತಿರಬೇಕು.

ಈ ಸುದ್ದಿಯನ್ನು ರಬಾಳೆ ಸ್ಟೇಷನ್ನಿನ ಹೊರಗೆ ಚಹಾ ಕುಡಿಯುತ್ತ ಕಲಬುರಗಿ ಕಡೆಯ ಲೋಡಿಂಗ್ ಕೆಲಸದವನಿಗೆ ಹೇಳಿದೆ. ಅವನಿಗೆ ಹುಲಿಯ ಚಿಂತೆಯೇ ಹತ್ತಲಿಲ್ಲ. "ಅಣ್ಣೋರ, ಆ ಠೇಕೇದಾರ ಎಲ್ಲ್ಯಾಂವ ಅಂತ ಕೇಳ್ರಿ. ನಮ್ಮಾಂವನ ಇರಬೇಕು ನೋಡ್ರಿ" ಅಂದ.

ಅಂದಹಾಗೆ, ಹುಲಿಗಣತಿ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ಮನುಷ್ಯರನ್ನು ದೇಶ ಕೊನೆಯ ಸಲ ಎಣಿಸಿದ್ದು 2011ರಲ್ಲಿ, ಮುಂದಿನದು 2027ಕ್ಕಂತೆ. ಕಾಡಂಚಿನ ಜನಕ್ಕೆ ಅಷ್ಟು ತಾಳ್ಮೆ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದವರು, ಹಸು ತಿನ್ನುವ ಹುಲಿಯನ್ನು ಹಿಡಿಯಲಿಲ್ಲವೆಂದು, ಹುಲಿಗೆಂದೇ ಇಟ್ಟಿದ್ದ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನು ಕೂಡಿಹಾಕಿದರು. ಅಂದು ಅಲ್ಲಿ ತಲೆ ಎಣಿಸಲು ಯಾವ ಕ್ಯಾಮೆರಾವೂ ಬೇಕಾಗಲಿಲ್ಲ.